ಕಿಟಕಿ ರೈಲು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಹೇಳಿ ಹೋಗಿದ್ದಾರೆ. ಹಿರಿಯರ ಮಾತಿಗೆ ಎದುರಾಡಬಾರದು. ಆದರೆ ಬೀಗ ರಿಪೇರಿಯವನ ಅಂಗಡಿಯ ಮೇಲಿದ್ದ ಆ ಮನೆಯಲ್ಲಿ ತಾತ ಅಜ್ಜಿ ಇಬ್ಬರೂ ಉಂಡರು, ಮಲಗಿದರು, ಎದ್ದು ಮತ್ತೆ ಉಂಡರು. ಜಗಳ ಮಾತ್ರ ಒಂದು ದಿನವೂ ಕಣ್ಣು ಮುಚ್ಚಲಿಲ್ಲ. ಅದು ಕೂಗಾಟದ ಜಗಳವೂ ಅಲ್ಲ. ತಾತ ಅಜ್ಜಿಯೊಡನೆ ಮಾತು ಬಿಟ್ಟಿದ್ದ, ಅಜ್ಜಿಯೂ ಬಿಟ್ಟಿದ್ದಳು.

ಮೊದಮೊದಲು ಗೋಡೆಯೇ ಇಬ್ಬರಿಗೂ ಮಧ್ಯಸ್ಥನಾಗಿತ್ತು. "ಯಾರಿಗೋ ಊಟ ಬಡಿಸಿದೆ" ಎಂದು ಅಜ್ಜಿ ಗೋಡೆಗೆ ಹೇಳುತ್ತಿದ್ದಳು. "ಯಾರೋ ಉಪ್ಪು ಹಾಕೋದು ಮರೆತಿದಾರೆ" ಎಂದು ತಾತ ಅದೇ ಗೋಡೆಗೆ ಹೇಳುತ್ತಿದ್ದ. ಮೊಮ್ಮಗಳಿಗೆ ಮಾತು ಬಂದ ಮೇಲೆ ಗೋಡೆಗೆ ಬಿಡುವಾಯಿತು.

ಆ ಮಗುವಿನ ಮಾತಿನ ಅಂದ ನೋಡಬೇಕಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಹಿಮ್ಮಡಿ ಕೂಡಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು. "ಅಜ್ಜೀ, ತಾತಂಗೆ ಬಿಸಿನೀರು ಬೇಕಂತೆ. ಅಷ್ಟೇ." ಆ "ಅಷ್ಟೇ" ಅನ್ನುವುದು ಕಾಗದದ ಮೇಲಿನ ಮೊಹರಿನ ಹಾಗೆ. ಅದು ಬೀಳುವ ತನಕ ಸುದ್ದಿ ಮುಗಿದಿಲ್ಲ ಅಂತ ಲೆಕ್ಕ. ನಡುವೆ ಉಸಿರು ತೆಗೆದುಕೊಳ್ಳಲಿ, ಮೂಗು ಒರೆಸಿಕೊಳ್ಳಲಿ, ಜಡೆ ಸರಿ ಮಾಡಿಕೊಳ್ಳಲಿ, ಅಜ್ಜಿ ಕಾಯಬೇಕು. ಅಷ್ಟೇ ಎಂದ ಮೇಲೆ ಬಾಯಿ ತೆರೆಯುವುದು; ಅಜ್ಜಿ ಒಂದು ಚಿಟಿಕೆ ಸಕ್ಕರೆ ಹಾಕುವುದು.

ಅಪ್ಪ ಊರೊಳಗಿನ ಬಸ್ಸು ಓಡಿಸುವವನು, ತಮಾಷೆಯವನು. ಮಗಳಿಗೆ ಅವನೇ ಇಟ್ಟ ಹೆಸರು: ಅಂಚೆ. "ಸರ್ಕಾರಿ ಅಂಚೆಗಿಂತ ನಮ್ಮನೆ ಅಂಚೆನೇ ವಾಸಿ ಕಣಮ್ಮ. ಸ್ಟಾಂಪು ಬೇಡ, ಸಕ್ಕರೆ ಸಾಕು" ಎನ್ನುತ್ತಿದ್ದ. ಎಲ್ಲರೂ ನಕ್ಕರು. ನಗುನಗುತ್ತಲೇ ಆ ಹೆಸರು ಉಳಿಯಿತು.

ಜಗಳ ಹುಟ್ಟಿದ್ದು ಅಂಗಡಿ ಮುಚ್ಚಿದ ದಿನ. ತಾತನದು ಆಟದ ರೈಲಿನ ಅಂಗಡಿ. ಬೀದಿಯ ಮೂಲೆಯಲ್ಲಿ, ಗಡಿಯಾರದವನ ಪಕ್ಕದಲ್ಲಿ, ಇಬ್ಬರು ಕೈ ಚಾಚಿದರೆ ಗೋಡೆಗೋಡೆ ಮುಟ್ಟುವಷ್ಟು ಜಾಗ. ಆದರೆ ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಯೊಂದಿತ್ತು. ಅದರೊಳಗೆ ಒಂದು ಕಪ್ಪು ಇಂಜಿನ್ನು ಹಸಿರು ಡಬ್ಬಿಗಳನ್ನು ಎಳೆದುಕೊಂಡು ಬೆಳಗಿನಿಂದ ಸಂಜೆಯ ತನಕ ಸುತ್ತುತ್ತಿತ್ತು. ಕಿಟಕಿ ರೈಲು ಅಂತ ಅದಕ್ಕೆ ಹೆಸರು. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರೆ ಉಸಿರಿನ ಮಂಜು ಕಟ್ಟಿ ರೈಲೇ ಕಾಣದ ಹಾಗಾಗುತ್ತಿತ್ತು. ತಾತ ಆಚೆ ಬಂದು ಬಟ್ಟೆಯಿಂದ ಒರೆಸಿ, ಬೈಯದೆ ಒಳಗೆ ಹೋಗುತ್ತಿದ್ದ.

ಆ ಅಂಗಡಿಗೊಂದು ನೇಮವಿತ್ತು. ಕೊಳ್ಳುವ ಮಗುವಿನ ಎದುರಿಗೇ ಇಂಜಿನ್ನನ್ನು ಒಂದು ಸುತ್ತು ಓಡಿಸಿ ತೋರಿಸದೆ ಕೊಡುತ್ತಿರಲಿಲ್ಲ. ಓಡಿಸುವ ಮುಂಚೆ ಮಗುವಿಗೆ ದಪ್ಪ ಕಾಗದದ ಟಿಕೆಟ್ಟು ಕೊಟ್ಟು ಅದಕ್ಕೆ ಕಟಕ್ಕನೆ ತೂತು ಹಾಕುತ್ತಿದ್ದ. ಮುರಿದದ್ದು ಯಾವುದೂ ಮುರಿದ ಹಾಗೆಯೇ ಅಂಗಡಿಯಿಂದ ಆಚೆ ಹೋಗಬಾರದು, ರಿಪೇರಿಗೆ ಬಂದದ್ದು ಬಂದದ್ದಕ್ಕಿಂತ ಚೆನ್ನಾಗಿ ಹೋಗಬೇಕು ಅನ್ನುವುದು ಇನ್ನೊಂದು ನೇಮ. ದೇವರ ಮುಂದೆ ದೀಪ ಹಚ್ಚುವುದನ್ನಾದರೂ ಒಂದು ದಿನ ಮರೆತಾನು, ಈ ನೇಮ ತಪ್ಪಿದವನಲ್ಲ.

ಕಾಲ ಬದಲಾಯಿತು. ಮಕ್ಕಳ ಕೈಗೆ ಬೇರೆ ಆಟ ಬಂತು. ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟುವುದು ನಿಂತು ದೂಳು ಕಟ್ಟತೊಡಗಿತು. ಅಂಗಡಿ ಖಾಲಿ ಮಾಡುವ ದಿನ ತಾತ ಜ್ವರ ಹಿಡಿದು ಮಲಗಿದ್ದ. ಅಜ್ಜಿಯೇ ನಿಂತು ಸಾಮಾನು ಸಾಗಿಸಿದಳು. ಹಳೇ ತಗಡು, ಮುರಿದ ಕಪಾಟು, ತುಕ್ಕು ಹಿಡಿದ ಡಬ್ಬಗಳನ್ನು ಗುಜರಿಯವನಿಗೆ ಕೊಡುವಾಗ ಕಿಟಕಿ ರೈಲನ್ನೂ ಕೊಟ್ಟುಬಿಟ್ಟಳು. ಮರೆತು ಕೊಟ್ಟದ್ದಲ್ಲ, ತಿಳಿದೇ ಕೊಟ್ಟದ್ದು. "ಸುತ್ತಿ ಸುತ್ತಿ ಇದ್ದಲ್ಲೇ ಇತ್ತು. ನಮ್ಮ ಸಂಸಾರವೂ ಹಾಗೇ ಆಯ್ತು. ತಗೊಂಡು ಹೋಗಪ್ಪ" ಎಂದಿದ್ದಳು. ಜ್ವರ ಬಿಟ್ಟ ಮೇಲೆ ತಾತ ಒಂದೇ ಮಾತು ಕೇಳಿದ: "ಕೊಟ್ಟೆಯಾ?"

"ಕೊಟ್ಟೆ."

ಅದೇ ಕೊನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಜ್ಜಿಗೆ ಆಮೇಲೆ ಕರುಳು ಚುರುಕ್ಕೆನ್ನದೆ ಇರಲಿಲ್ಲ. ಗುಜರಿಯವನನ್ನು ಹುಡುಕಿಕೊಂಡು ಹೋಗಿಯೂ ಬಂದಿದ್ದಳು. ಅಷ್ಟರಲ್ಲಿ ಅದು ಕರಗಿ ಎಲ್ಲಿ ಏನಾಗಿತ್ತೋ. ಹೋಗಿದ್ದೆ ಎಂದು ಗಂಡನಿಗೆ ಹೇಳಬೇಕೆಂದರೆ ಮಾತು ಬೇಕಲ್ಲ? ಆ ಮಾತನ್ನು ಗೋಡೆಗೆ ಹೇಳಲು ಬಾಯಿ ಬರಲಿಲ್ಲ.

ಉಳಿದ ರೈಲುಗಳೆಲ್ಲ ಮನೆಗೆ ಬಂದು ನಡುಮನೆಯ ಮುಕ್ಕಾಲು ಭಾಗ ನುಂಗಿದವು. ಹಲಗೆಯ ಮೇಲೆ ಹಳಿ, ಹಲಗೆಯ ಕೆಳಗೆ ತಾತನ ಹಾಸಿಗೆ. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೆಲಸದವಳು. ದಿನವಿಡೀ ನಿಂತು ಕಾಲು ಊದಿಸಿಕೊಂಡು ಬಂದವಳಿಗೆ ಕಾಲು ನೀಡಲು ಜಾಗವಿರುತ್ತಿರಲಿಲ್ಲ.

"ಮಾವ, ಒಂದು ಸ್ಟೇಷನ್ನು ಆ ಕಡೆ ಸರಿಸ್ತೀರಾ? ಮಗಳನ್ನ ಮಲಗಿಸ್ಬೇಕು" ಎನ್ನುವಳು.

"ಸೇತುವೆ ಕೆಳಗೆ ಮಲಗಿಸಮ್ಮ, ತಣ್ಣಗಿರುತ್ತೆ" ಎನ್ನುವನು ತಾತ.

ಹೀಗೆ ನಡೆದಿತ್ತು.

ಒಂದು ಭಾನುವಾರ ಕನ್ನಡಕ ಹಾಕಿದ ಗಿರಾಕಿಯೊಬ್ಬ ಮೆಟ್ಟಿಲು ಹತ್ತಿ ಬಂದ. ತಲೆ ಅರ್ಧ ನರೆತಿತ್ತು, ಒಳ್ಳೆಯ ಬೂಟು. ಹಲಗೆಯ ಮುಂದೆ ಬೂಟು ಕಳಚಿ ಮಂಡಿಯೂರಿದ.

"ಯಜಮಾನ್ರೇ, ನನ್ನ ಗುರುತು ಸಿಗ್ತಾ? ಸಂಜೆ ಸಂಜೆ ಕಿಟಕಿ ಹತ್ರ ನಿಲ್ತಿದ್ದೆ. ಕೊಳ್ಳೋಕೆ ದುಡ್ಡಿರಲಿಲ್ಲ. ನೀವೇ ಒಂದಿನ ಒಳಗೆ ಕರೆದು ಟಿಕೆಟ್ಟಿಗೆ ತೂತು ಹಾಕಿ ಕೊಟ್ಟಿದ್ರಿ."

"ಬೇಕರಿಯವನ ಮನೆ ಬಾಡಿಗೆಗಿದ್ದವರು. ಮೂಗು ಸೋರ್ತಿತ್ತು ನಿಂಗೆ" ಎಂದ ತಾತ.

ಗಿರಾಕಿ ನಕ್ಕ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಆ ಕಿಟಕಿ ರೈಲು ಇದೆಯಾ? ಏನು ಕೇಳಿದ್ರೂ ಕೊಡ್ತೀನಿ. ಅದರ ಸದ್ದು ಇವತ್ತಿಗೂ ಕಿವಿಯಲ್ಲಿದೆ."

ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಗಂಡ ಈಗ ಹೇಳುತ್ತಾನೆ, ಎಲ್ಲರೆದುರು ಹೇಳುತ್ತಾನೆ ಎಂದುಕೊಂಡಳು. ತಾತ ಹಳಿಯ ಮೇಲಿನ ಡಬ್ಬಿಯೊಂದನ್ನು ನೆಟ್ಟಗೆ ಕೂಡಿಸುತ್ತಾ, "ರಿಪೇರಿಯಲ್ಲಿದೆ. ಆದಮೇಲೆ ಹೇಳಿ ಕಳಿಸ್ತೀನಿ" ಎಂದ.

ಹೆಂಡತಿಯನ್ನು ಬಿಟ್ಟುಕೊಡಲಿಲ್ಲ. ಅಜ್ಜಿ ಸೊಪ್ಪಿನ ಮೇಲೆ ಬಗ್ಗಿ ಸೆರಗಿನಿಂದ ಮುಖ ಒತ್ತಿಕೊಂಡಳು.

ಮಾರನೆಯ ದಿನದಿಂದ ತಾತ ಕಿಟಕಿ ರೈಲನ್ನು ಮತ್ತೆ ಹುಟ್ಟಿಸಲು ಕೂತ. ತಗಡು ಕತ್ತರಿಸಿದ, ಚಕ್ರ ಉಜ್ಜಿದ, ನೆನಪಿನಿಂದಲೇ ಒಂದೊಂದು ಮೊಳೆಯನ್ನೂ ಕೂಡಿಸಿದ. ಮೈ ಆಯಿತು. ಆದರೆ ಓಡಿಸಿದರೆ ಚಕ್ರ ಗಿರಗಿರ ತಿರುಗುವುದು, ಇಂಜಿನ್ನು ನಿಂತಲ್ಲೇ ನಿಲ್ಲುವುದು. "ಹೊಟ್ಟೇಲಿ ತೂಕ ಇಲ್ಲ, ಹಳಿ ಹಿಡೀತಿಲ್ಲ. ಸೀಸ ಕರಗಿಸಿ ತುಂಬಬೇಕು" ಎಂದ ಮಗನಿಗೆ. ಅಂಗಡಿಯ ಹಿತ್ತಲಲ್ಲಿ ಅದಕ್ಕೆಂದೇ ಒಂದು ಇದ್ದಿಲ ಒಲೆಯಿತ್ತು. ಇಲ್ಲಿ ಹಿತ್ತಲೂ ಇಲ್ಲ, ಒಲೆಯೂ ಇಲ್ಲ. ಇರುವುದು ಒಂದೇ ಒಲೆ, ಅದು ಅಜ್ಜಿಯದು. ರೈಲಿನ ಒಂದು ಮೊಳೆಯೂ ಅವಳ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ.

ಹೊಸ್ತಿಲ ಮೇಲೆ ಅಂಚೆ ಬಂದು ನಿಂತಿತು. "ಅಜ್ಜೀ, ತಾತಂಗೆ ಒಲೆ ಬೇಕಂತೆ. ಒಂದು ಹಳೇ ಪಾತ್ರೆನೂ ಬೇಕಂತೆ. ಕೊಡಲ್ಲ ಅಂದ್ರೆ ಬೇಡವಂತೆ. ಅಷ್ಟೇ."

ಅಜ್ಜಿ ಅಟ್ಟದ ಮೇಲಿನಿಂದ ಹಿತ್ತಾಳೆಯ ಹಿಡಿಪಾತ್ರೆಯೊಂದನ್ನು ಇಳಿಸಿದಳು. ಮಗ ಮಗುವಾಗಿದ್ದಾಗ ಗಂಜಿ ಕಾಯಿಸಿದ್ದು ಅದರಲ್ಲೇ. ಒಳಗಿನ ಕಲಾಯಿ ಹೋಗಿ, ಹಿಡಿ ಸಡಿಲವಾಗಿ ವರ್ಷಗಳಿಂದ ಮೇಲೆ ಬಿದ್ದಿತ್ತು. "ಕೊಟ್ಟೆ ಅಂತ ಹೇಳು" ಎಂದಳು. ಕೊಟ್ಟೆ. ಅದೇ ಮಾತು. ಒಂದು ಸಲ ಆ ಮಾತಿನಿಂದ ಮುರಿದದ್ದು ಇನ್ನೊಂದು ಸಲ ಅದೇ ಮಾತಿನಿಂದ ಕೂಡಿದರೆ ಕೂಡಲಿ ದೇವರೇ ಎಂದು ಮನಸ್ಸಿನಲ್ಲೇ ಕೈ ಮುಗಿದಳು.

ಮಧ್ಯಾಹ್ನ ಊಟವಾದ ಮೇಲೆ ತಾತ ಅಡುಗೆಮನೆಗೆ ಬರತೊಡಗಿದ. ಒಲೆಯ ಮೇಲೆ ಪಾತ್ರೆ. ಪಾತ್ರೆಯಲ್ಲಿ ಬೂದುಬಣ್ಣದ ತುಂಡುಗಳು ನಿಧಾನವಾಗಿ ಕುಸಿದು ಪಾದರಸದ ಹಾಗೆ ಹೊಳೆಯುವವು. ಮಣ್ಣಿನ ಅಚ್ಚಿಗೆ ಹೊಯ್ಯುವನು. ಅಜ್ಜಿ ಒಂದು ಮೂಲೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿ ಆರಿಸುವಳು. ಮಾತಿಲ್ಲ. ಆದರೆ ಒಂದೇ ಒಲೆಯ ಮುಂದೆ ಇಬ್ಬರು ಕೂತು ಎಷ್ಟು ಕಾಲವಾಗಿತ್ತೋ. ಬೂದಿ ಹಾರಿದರೆ ಅವಳು ಕಿಟಕಿ ತೆರೆಯುವಳು. ಬಟ್ಟೆಯ ತುಂಡು ಬೇಕಾದರೆ ಅವನು ಕೈ ಚಾಚುವ ಮುಂಚೆಯೇ ಅವಳ ಕೈ ಚಾಚಿರುತ್ತಿತ್ತು.

ಹೊಯ್ಯುವ ಕೆಲಸ ಮುಗಿದ ಮರುದಿನ ಅಜ್ಜಿ ತರಕಾರಿ ತಂದು ನೋಡುತ್ತಾಳೆ, ಹಿಡಿಪಾತ್ರೆ ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ಹಿಡಿ ಬಿಗಿಯಾಗಿದೆ. ಬೆಸುಗೆ ಎಲ್ಲಿ ಹಾಕಿದ್ದಾನೆಂದು ಹುಡುಕಬೇಕು. ಹೊರಮೈ ಹುಳಿ ಹಚ್ಚಿ ತಿಕ್ಕಿದ ಹಾಗೆ ಬಂಗಾರ. ಒಳಗೆ ಬೆಳ್ಳಗೆ ಹೊಳೆಯುವ ಹೊಸ ಕಲಾಯಿ. ಮುರಿದದ್ದು ಮುರಿದ ಹಾಗೆ ಆಚೆ ಹೋಗಬಾರದು. ಆ ನೇಮ ಗಿರಾಕಿಗಳಿಗೆ ಮಾತ್ರವೆಂದುಕೊಂಡಿದ್ದಳು.

ಹಿಂದೆಯೇ ಹೊಸ್ತಿಲ ಮೇಲೆ ಹಿಮ್ಮಡಿ ಕೂಡಿತು. "ಅಜ್ಜೀ, ತಾತ ಪಾತ್ರೆ ಸರಿ ಮಾಡಿದಾನಂತೆ..."

ಮಗು ಉಸಿರು ತೆಗೆದುಕೊಂಡಿತು. ಅಜ್ಜಿಗೆ ತಡೆಯಲಾಗಲಿಲ್ಲ. "ನನ್ನ ಬಂಗಾರ, ನನ್ನ ಕಣ್ಣೇ! ನೋಡ್ದೆ ಕಣೇ, ನೋಡ್ದೆ!" ಎಂದು ಬಾಚಿ ಎತ್ತಿಕೊಂಡು ಒಂದು ಹಿಡಿ ಸಕ್ಕರೆಯನ್ನೇ ಬಾಯಿಗೆ ತುಂಬಿದಳು. ಅಂಚೆ ಕಣ್ಣರಳಿಸಿ ಜಗಿಯುತ್ತಾ ಕೂತಿತು. ಅಂಥ ಸಂಬಳ ಅದಕ್ಕೆ ಯಾವತ್ತೂ ಸಿಕ್ಕಿರಲಿಲ್ಲ.

ಅಂದಿನಿಂದ ಮೊಮ್ಮಗಳ ಗಂಜಿ, ಮೊಮ್ಮಗಳ ಹಾಲು ಎಲ್ಲ ಆ ಪಾತ್ರೆಯಲ್ಲೇ. ಗಂಜಿ ಕುದಿಸಿ, ನಿಂಬೆಹಣ್ಣು ಹಿಂಡಿ, ಅದರಲ್ಲೇ ಆರಲು ಬಿಡುವಳು. ಬೇರೆ ಯಾರ ಕೈಗೂ ಅದನ್ನು ಕೊಡಲಿಲ್ಲ. ತಾತ ನಡುಮನೆಯಲ್ಲಿ ಬಣ್ಣ ಬಳಿಯುತ್ತಿದ್ದ. ಅವನಿಗೆ ಅಡುಗೆಮನೆಯಲ್ಲಿ ಇನ್ನು ಕೆಲಸವಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಮಗು ಊಟ ತಳ್ಳತೊಡಗಿತು. ಹೊಟ್ಟೆ ಹಿಡಿದುಕೊಂಡು ಅಳುವುದು. ಮುಖ ಸುಣ್ಣದ ಗೋಡೆಯಂತಾಯಿತು. ಔಷಧಿ ಅಂಗಡಿಯವನು ಜಂತುಹುಳ ಎಂದು ಗುಳಿಗೆ ಕೊಟ್ಟ. ಹುಳ ಕಾಣಲಿಲ್ಲ, ನೋವು ಹೋಗಲಿಲ್ಲ.

"ತಾಯಿ ಮನೇಲಿದ್ರೆ ಮಗು ಹೀಗೆ ಬಾಡ್ತಿರಲಿಲ್ಲ" ಎಂದಳು ಅಜ್ಜಿ ಬಟ್ಟಲು ತೊಳೆಯುತ್ತಾ.

ಸೊಸೆ ಊಟದ ತಟ್ಟೆ ಕೆಳಗಿಟ್ಟಳು. "ಅತ್ತೆ, ನಾನು ಊರು ಸುತ್ತೋಕೆ ಹೋಗ್ತೀನಾ? ಕಂಡೋರ ಬಟ್ಟೆಗೆ ಇಸ್ತ್ರಿ ತಿಕ್ಕೋಕೆ ಹೋಗೋದು."

"ನಾನೇನು ಬೇಡ ಅಂದೆನಾ? ಎರಡು ಹೊತ್ತು ಗಂಜಿ ಕುಡಿಸೋಳು ನಾನು. ಬಾಯಿಗೆ ಬಟ್ಟಲು ಇಟ್ರೆ ಮುಖ ತಿರುಗಿಸುತ್ತೆ. ಅಮ್ಮನ ಕೈದೇ ಬೇಕು ಅಂತ ಹಟ."

"ನನ್ನ ಕೈಯಲ್ಲಿ ರೊಟ್ಟಿ ತಿನ್ನುತ್ತಲ್ಲ? ನಿಮ್ಮ ಗಂಜಿ ಮಾತ್ರ ಯಾಕೆ ಒಲ್ಲೆ ಅನ್ನುತ್ತೆ?"

"ಓಹೋ, ನನ್ನ ಗಂಜಿಗೆ ಬಂತಾ ಈಗ? ನಿನ್ನ ಗಂಡನ್ನ ಇದೇ ಗಂಜಿಲಿ ಬೆಳೆಸಿದ್ದು ತಾಯಿ, ಇದೇ ಪಾತ್ರೇಲಿ."

"ಇಬ್ಬರೂ ಸುಮ್ನಿರ್ತೀರಾ? ಬಸ್ಸಲ್ಲಿ ದಿನವೆಲ್ಲ ಇದೇ ಕೇಳಿ ಬಂದಿದೀನಿ" ಎಂದ ಬಸ್ಸಿನವನು. ಯಾರೂ ನಗಲಿಲ್ಲ.

ಅಜ್ಜಿ ಸೋಲುವವಳಲ್ಲ. ಮಗು ಎಷ್ಟು ಒಲ್ಲೆ ಎಂದರೆ ಅಷ್ಟು ಅಕ್ಕರೆಯಿಂದ ಕುಡಿಸಿದಳು. ಕಾಲ ಮೇಲೆ ಮಲಗಿಸಿಕೊಂಡು, ಗುಟುಕು ಗುಟುಕಿಗೂ ದೇವರ ಹೆಸರು ಹೇಳಿ, ಕೊನೆಯ ತೊಟ್ಟಿನ ತನಕ.

ಆಮೇಲೆ ಮಾತು ಕಡಿಮೆಯಾಗತೊಡಗಿತು. ಮೊದಲು ಅಂಚೆ ತಡವಾಗಿ ಬರುತ್ತಿತ್ತು. ತಾತ ಹೇಳಿ ಕಳಿಸಿದರೆ ಹೊಸ್ತಿಲ ತನಕ ಬಂದು, ಬಾಗಿಲ ಚೌಕಟ್ಟಿಗೆ ಹಣೆ ಒರಗಿಸಿ ನಿಲ್ಲುವುದು. "ತಾತಂಗೆ..." ಎನ್ನುವುದು, ಮುಂದಿನದು ಬಾರದೆ ಸಿಟ್ಟಿನಿಂದ ತನ್ನ ಕೂದಲು ತಾನೇ ಕಿತ್ತುಕೊಳ್ಳುವುದು. ನೀರು ಎನ್ನಬೇಕಾದಲ್ಲಿ ಬೆರಳು ತೋರಿಸುವುದು.

"ಎಲ್ಲಿ, ಅಷ್ಟೇ ಅನ್ನು ಕಂದ" ಎಂದು ಅಜ್ಜಿ ಪುಸಲಾಯಿಸಿದರೆ ಸಕ್ಕರೆಗೂ ಬಾಯಿ ತೆರೆಯಲಿಲ್ಲ. ತಾತ ಅತ್ತ ಬಿಸಿನೀರಿಗೆ ಕಾಯುತ್ತಿದ್ದ, ಇತ್ತ ಅಜ್ಜಿ ಅವನು ಊಟಕ್ಕೆ ಬರಲೆಂದು ಕಾಯುತ್ತಿದ್ದಳು. ಅಂಚೆ ನಿಂತ ಮನೆಯಲ್ಲಿ ಅನ್ನ ಆರಿತು.

ಒಂದು ಬೆಳಿಗ್ಗೆ ಮಗು ಕೈಕಾಲು ಸೆಟೆದು ನೆಲಕ್ಕೆ ಬಿತ್ತು.

ಸೊಸೆ ಬಟ್ಟೆ ತಿಕ್ಕುವ ಆಸ್ಪತ್ರೆಗೇ ಎತ್ತಿಕೊಂಡು ಓಡಿದರು. ರಕ್ತ ತೆಗೆದರು, ಎಲ್ಲರನ್ನೂ ಆಚೆ ಕಾಯಲು ಹೇಳಿದರು. ಸಂಜೆ ಡಾಕ್ಟರಮ್ಮ ಆಚೆ ಬಂದು ಎಲ್ಲರ ಮುಖ ನೋಡಿ ಕೇಳಿದಳು: "ಮಗುವಿನ ರಕ್ತದಲ್ಲಿ ಸೀಸ ಇದೆ. ತುಂಬಾ ಇದೆ. ಅದು ವಿಷ. ಮನೆಯಲ್ಲಿ ಯಾರಾದ್ರೂ ಸೀಸದ ಕೆಲಸ ಮಾಡ್ತೀರಾ?"

"ಹೌದು, ನಾನು" ಎಂದ ತಾತ. "ಆದ್ರೆ ಮಗು ಕೈಗೆ ಕೊಟ್ಟಿಲ್ಲ. ತುಂಡೆಲ್ಲ ಡಬ್ಬಿಯೊಳಗೆ ಮುಚ್ಚಿಟ್ಟಿದೀನಿ. ಕರಗಿಸೋದು ಮುಗಿದೂ ಬಹಳ ದಿನ ಆಯ್ತು."

"ಕರಗಿಸಿದ್ದು ಯಾವುದರಲ್ಲಿ? ಆ ಪಾತ್ರೆ ಈಗ ಎಲ್ಲಿದೆ?"

ಅಜ್ಜಿ ಮುಂದೆ ಬಂದಳು. "ಅದ್ರಲ್ಲೇ ಗಂಜಿ ಕಾಯಿಸ್ತಿದೀನಿ. ಕಲಾಯಿ ಹಾಕಿದ ಮೇಲೆ ಕಾಯಿಸಿದ್ದು. ಹೊಸ ಕಲಾಯಿ ಇತ್ತು, ಒಳಗೆಲ್ಲ ಬೆಳ್ಳಗಿತ್ತು" ಎಂದಳು.

"ಕಲಾಯಿ ಅಲ್ಲ ಅದು" ಎಂದ ತಾತ. ಎಷ್ಟೋ ವರ್ಷದ ಮೇಲೆ ನೇರ ಅವಳ ಮುಖ ನೋಡಿ ಆಡಿದ ಮೊದಲ ಮಾತು. "ಅದೇ ಸೀಸ. ಅಂಟಿಕೊಂಡಿದ್ದು."

ಡಾಕ್ಟರಮ್ಮ ಅವಸರದಿಂದ ಒಳಗೆ ಹೋದಳು. ಗೋಡೆಯ ಬದಿಯ ಬೆಂಚಿನ ಮೇಲೆ ತಾತ ಕುಸಿದ. ಅಜ್ಜಿ ಎದುರಿಗೆ ನಿಂತೇ ಇದ್ದಳು.

"ಹೇಳಿ ಕಳಿಸಿದ್ದೆನಲ್ಲ" ಎಂದ ತಾತ. "ಹಿಡಿ ಸರಿ ಮಾಡಿದೀನಿ, ಆದ್ರೆ ಹಾಲಿಗೆ ಗಂಜಿಗೆ ಇಡಬೇಡ, ಅದು ನನ್ನ ಕೆಲಸಕ್ಕೇ ಇರಲಿ ಅಂತ. ಎರಡು ಸಲ ಬಾಯಿಪಾಠ ಮಾಡಿಸಿ ಕಳಿಸಿದ್ದೆ. ತಲುಪಲಿಲ್ವಾ ನಿಂಗೆ?"

ಅಜ್ಜಿಯ ಕಣ್ಣ ಮುಂದೆ ಹೊಸ್ತಿಲು ಬಂತು. ಕೂಡಿಸಿದ ಹಿಮ್ಮಡಿ. ತೆಗೆದುಕೊಂಡ ಉಸಿರು. ಆ ಉಸಿರಿನ ಮೇಲೆ ತಾನು ತುಂಬಿದ ಸಕ್ಕರೆ.

"ಅರ್ಧ ತಲುಪಿತ್ತು" ಎಂದಳು. "ಅಷ್ಟೇ ಅಂದಿರಲಿಲ್ಲ ಅದು. ನಾನು ಕಾಯಲಿಲ್ಲ."

ಇಸ್ತ್ರಿಯ ಶಾಖಕ್ಕೆ ಕಪ್ಪಾದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸೊಸೆ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು. ಅವಳು ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು.

"ಮಾವ, ನೀವು ಕೂತ ಜಾಗದಿಂದ ಒಲೆ ಕಾಣುತ್ತೆ" ಎಂದಳು. "ಅತ್ತೆ, ನೀವು ನಿಂತ ಜಾಗದಿಂದ ಹಲಗೆ ಕಾಣುತ್ತೆ. ಒಂದು ಸಲ ಕೆಮ್ಮಿದ್ರೆ ಇಬ್ಬರಿಗೂ ಕೇಳುತ್ತೆ. ಅಷ್ಟು ದೂರ ನಿಮ್ಮ ಮಾತು ಹೊರೋಕೆ ನನ್ನ ಮಗಳೇ ಬೇಕಿತ್ತಾ?"

ಬಸ್ಸಿನವನು ಹೆಂಡತಿಯ ಭುಜ ಮುಟ್ಟಲು ಹೋದ. ಅವಳು ಕೈ ತಳ್ಳಿದಳು. "ನೀವು ಹೆಸರಿಟ್ರಿ. ನಾನು ನಕ್ಕೆ. ನಂದೂ ಪಾಲಿದೆ."

ಗಂಡ ಹೆಂಡಿರ ಜಗಳಕ್ಕೆ ಹಿರಿಯರು ಹೇಳಿದ ಗಾದೆ ಇನ್ನೊಂದಿದೆ, ಕೂಸಿನ ಮಾತು ಬರುವಂಥದ್ದು. ಅಜ್ಜಿಗೆ ಅದು ನೆನಪಾಯಿತು. ಮನಸ್ಸಿನಲ್ಲಿ ಸಹ ಪೂರ್ತಿ ಹೇಳಿಕೊಳ್ಳುವ ಧೈರ್ಯ ಬರಲಿಲ್ಲ.

ದೇವರು ದೊಡ್ಡವನು, ಮಗು ಉಳಿಯಿತು. ಔಷಧಿ ಕೊಟ್ಟು ರಕ್ತದಲ್ಲಿದ್ದುದನ್ನು ನಿಧಾನವಾಗಿ ಇಳಿಸಿದರು. "ಮೂಳೆಗೆ ಇಳಿದದ್ದು ಬೇಗ ಬಿಡಲ್ಲ. ತಲೆಗೆ ಎಷ್ಟು ಪೆಟ್ಟಾಗಿದೆ ಅಂತ ಬೆಳೀತಾ ಬೆಳೀತಾ ಗೊತ್ತಾಗಬೇಕು. ಓದು ಬರಹ ಕಷ್ಟ ಆಗಬಹುದು. ಮಾತಾಡಿಸ್ತಾ ಇರಿ" ಎಂದಳು ಡಾಕ್ಟರಮ್ಮ.

ಮಾತಾಡಿಸ್ತಾ ಇರಿ. ಆ ಮನೆಗೆ ಹೇಳಿದ ಔಷಧಿ ಅದು.

ಸೊಸೆ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಕೋಣೆಯಲ್ಲಿ ಬೇರೆ ಒಲೆ ಹೂಡಿದಳು. ಬೇರೆ ಪಾತ್ರೆ, ಬೇರೆ ಬಟ್ಟಲು, ಬೇರೆ ಸೌಟು. ಅತ್ತೆಯ ಅಡುಗೆಮನೆಯ ನೀರನ್ನೂ ಮಗಳಿಗೆ ಕುಡಿಸಲಿಲ್ಲ. ಅಜ್ಜಿ ಕೇಳಲೂ ಇಲ್ಲ. ಹಿಡಿಪಾತ್ರೆಯನ್ನು ಆಸ್ಪತ್ರೆಯವರು ತೆಗೆದುಕೊಂಡು ಹೋಗಿದ್ದರು. ಮೊಳೆ ಮಾತ್ರ ಗೋಡೆಯಲ್ಲಿತ್ತು. ಒಂದು ಕಟ್ಟಪ್ಪಣೆಯನ್ನೂ ಸೊಸೆ ಹಾಕಿದಳು: "ಇನ್ಮೇಲೆ ನನ್ನ ಮಗಳ ಬಾಯಲ್ಲಿ ನಿಮ್ಮ ಮಾತು ಬೇಡ. ಅಂಚೆ ಅಂತ ಯಾರೂ ಕರೀಬೇಡಿ."

ಹೆಸರು ಹೋಯಿತು. ಅದರ ಜಾಗಕ್ಕೆ ಬೇರೆ ಮುದ್ದಿನ ಹೆಸರು ಯಾರ ಬಾಯಿಗೂ ಬರಲಿಲ್ಲ.

ತಾತ ಹಲಗೆಯ ಮುಂದೆ ಕೂತೇ ಇರುತ್ತಿದ್ದ, ಕೈಯಲ್ಲಿ ಕೆಲಸವಿಲ್ಲದೆ. ಅಜ್ಜಿ ಒಳಗಿನಿಂದ ನೋಡುವಳು. ಅವನ ತುಟಿ ಅಲುಗುತ್ತಿತ್ತು. ಮೊದಲು ಜಪವೆಂದುಕೊಂಡಳು. ಹತ್ತಿರ ಹೋಗಿ ಕಸ ಗುಡಿಸುವ ನೆಪದಲ್ಲಿ ಕಿವಿಗೊಟ್ಟಳು. "ಗಡಿಯಾರದವನ ಕೊನೆ ಮಗ... ಬೇಕರಿಯವನ ಅವಳಿಜವಳಿ... ದರ್ಜಿಯವನ ಮಗಳು, ಎರಡು ಜಡೆ... ಕುಂಟ್ತಾ ಬರ್ತಿದ್ದ ಹುಡುಗ..." ಟಿಕೆಟ್ಟು ಕೊಟ್ಟ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆಯುತ್ತಿದ್ದ. ಅವರ ಕೈಗೆಲ್ಲ ತಾನೇ ಕೊಟ್ಟ ಇಂಜಿನ್ನುಗಳು; ಒಂದೊಂದರ ಹೊಟ್ಟೆಯಲ್ಲೂ ತಾನೇ ತುಂಬಿದ ತೂಕ.

ಕನ್ನಡಕದ ಗಿರಾಕಿ ಮತ್ತೊಂದು ಭಾನುವಾರ ಬಂದ. ಕಿಟಕಿ ರೈಲು ಹಳಿಯ ಮೇಲೆ ನಿಂತಿತ್ತು, ಕಪ್ಪು ಬಣ್ಣ ಮಿರಿಮಿರಿ ಮಿಂಚುತ್ತಿತ್ತು. "ಅದೇ! ಅದೇ ಅದೇ!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಗೋಡೆಗೆ ಒರಗಿ ಕೂತಿದ್ದ ಮೊಮ್ಮಗಳು ಚಪ್ಪಾಳೆಯ ಸದ್ದಿಗೆ ತಿರುಗಿ ನೋಡಿ, ಮತ್ತೆ ತನ್ನ ಬೆರಳು ನೋಡಿಕೊಂಡಿತು.

"ಇದನ್ನ ಕೊಡಲ್ಲ ಸ್ವಾಮಿ. ಇದರಲ್ಲಿ ಸೀಸ ಇದೆ. ನನ್ನ ಮೊಮ್ಮಗಳು ಅದರಿಂದಲೇ ಹೀಗಾದಳು" ಎಂದ ತಾತ.

ಗಿರಾಕಿ ಮಗುವನ್ನು ನೋಡಿದ. ಮುಖ ಬಾಡಿತು, ಆದರೂ ಆಸೆ ಬಿಡಲಿಲ್ಲ. "ಏನೋ ಆಗಬಾರದ್ದು ಆಯ್ತು ಯಜಮಾನ್ರೇ. ಆದ್ರೆ ನಿಮ್ಮ ರೈಲನ್ನ ನಾವೆಲ್ಲ ಬಾಯಲ್ಲಿಟ್ಟುಕೊಂಡೇ ಬೆಳೆದ್ವಿ. ನಮಗೆಲ್ಲ ಏನಾಯ್ತು ಹೇಳಿ?"

"ಗೊತ್ತಿಲ್ಲ" ಎಂದ ತಾತ. "ನಿಮಗೂ ಗೊತ್ತಿಲ್ಲ."

ಗಿರಾಕಿ ಬೂಟು ಹಾಕಿಕೊಂಡು ಮೆಟ್ಟಿಲು ಇಳಿದ. ತಾತ ಇಂಜಿನ್ನನ್ನು ಎತ್ತಿ, ತಿರುಪು ಬಿಚ್ಚಿ, ಹೊಟ್ಟೆಯ ತೂಕ ತೆಗೆದು ಕಾಗದದಲ್ಲಿ ಸುತ್ತಿದ. ಹಗುರಾದ ಇಂಜಿನ್ನನ್ನು ಹಳಿಯ ಮೇಲಿಟ್ಟು ಗುಂಡಿ ಒತ್ತಿದ. ಚಕ್ರ ಗಿರಗಿರ ತಿರುಗಿತು, ರೈಲು ನಿಂತಲ್ಲೇ ನಿಂತಿತು. ಅವನು ಅದನ್ನು ನೋಡುತ್ತಾ ಬಹಳ ಹೊತ್ತು ಕೂತ. ಮರುದಿನ ಮಗನ ಕೈಲಿ ಹಲಗೆ ಬಿಚ್ಚಿಸಿ, ಎಲ್ಲವನ್ನೂ ಗೋಣಿಯಲ್ಲಿ ತುಂಬಿಸಿ, ವಿಷದ ಸಾಮಾನು ತೆಗೆದುಕೊಳ್ಳುವ ಕಡೆಗೆ ಕಳಿಸಿದ. ನಡುಮನೆ ಅಂಗಳದಷ್ಟು ದೊಡ್ಡದಾಯಿತು. ಸೊಸೆಗೆ ಕಾಲು ನೀಡಲು ಜಾಗ ಬಂತು. ಅವಳು ಮಡಿಸಿಕೊಂಡೇ ಕೂರುತ್ತಿದ್ದಳು.

ಮಾತು ಬೇಕಾದರೆ ಈಗ ತಾತ ಅಜ್ಜಿ ನೇರವಾಗಿಯೇ ಆಡಬಹುದಿತ್ತು. ಅಡ್ಡಿಯಾಗಿದ್ದ ಸಿಟ್ಟು ಎಂದೋ ಹೋಗಿತ್ತು. ಆದರೆ ಬಾಯಿ ತೆರೆದರೆ ಮೊದಲು ಬರುವುದು ಆ ಬೆಂಚಿನ ಮಾತೇ ಎಂದು ಇಬ್ಬರಿಗೂ ಗೊತ್ತು. ತಟ್ಟೆ ಇಡುವಳು, ಉಣ್ಣುವನು. ಉಪ್ಪಿಲ್ಲದಿದ್ದರೂ ಉಣ್ಣುವನು.

ಒಬ್ಬನ ಸಂಬಳದಲ್ಲಿ ಮನೆ ಎಷ್ಟು ದಿನ ನಡೆದೀತು? ಸೊಸೆ ಮತ್ತೆ ಇಸ್ತ್ರಿಗೆ ಹೋಗಲೇಬೇಕಾಯಿತು. ಹೋಗುವ ದಿನ ಹೊಸ ಸ್ಟೀಲಿನ ಪಾತ್ರೆಯೊಂದನ್ನು ಅತ್ತೆಯ ಕೈಗಿಟ್ಟಳು. ಮುಖ ನೋಡಲಿಲ್ಲ. "ಹಾಲು ಇದ್ರಲ್ಲೇ ಕಾಯಿಸಿ. ಬೇರೆ ಯಾವುದರಲ್ಲೂ ಬೇಡ."

"ಹೂಂ ತಾಯಿ."

"ಒಲ್ಲೆ ಅಂದ್ರೆ ಬಲವಂತ ಮಾಡಬೇಡಿ."

"ಇಲ್ಲ ತಾಯಿ."

ಮಧ್ಯಾಹ್ನ ಅಜ್ಜಿ ಆ ಪಾತ್ರೆಯನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು. ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಹೊಸ ಸ್ಟೀಲು ಬೆಳ್ಳಗೆ ಹೊಳೆಯಿತು. ದೇವರ ಹೆಸರು ಹೇಳಿ ಹಾಲು ಹೊಯ್ದು ಒಲೆಯ ಮೇಲಿಟ್ಟಳು.

ಹಿಂದೆ ಸದ್ದಾಯಿತು. ತಿರುಗಿದಳು.

ಹೊಸ್ತಿಲ ಮೇಲೆ ಮೊಮ್ಮಗಳು ನಿಂತಿತ್ತು. ಎಷ್ಟೋ ವಾರದಿಂದ ಅತ್ತ ಸುಳಿಯದ ಮಗು. ಒಂದು ಹಿಮ್ಮಡಿಯ ಪಕ್ಕಕ್ಕೆ ಇನ್ನೊಂದನ್ನು ಕಷ್ಟಪಟ್ಟು ತಂದು ಕೂಡಿಸಿತು. ಕೈ ಹಿಂದಕ್ಕೆ ಹೋದವು. ಕಣ್ಣು ಒಲೆಯ ಮೇಲಿನ ಹೊಳೆಯುವ ಪಾತ್ರೆಯ ಮೇಲಿತ್ತು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಹಣೆಯಲ್ಲಿ ಬೆವರು ಮೂಡಿತು. ಅಜ್ಜಿ ಕಾದಳು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು, ಅವಳು ಅಲುಗಾಡಲಿಲ್ಲ, ಕಾದಳು.

"ತಾತ..." ಎಂದಿತು ಮಗು. "ಹಾಲಿಗೆ... ಇಡಬೇಡ... ಅಂತೆ."

ಅಜ್ಜಿ ಇನ್ನೂ ಕಾದಳು.

"ಅಷ್ಟೇ."

ಹೇಳಿ ಬಾಯಿ ತೆರೆಯಿತು. ಅಜ್ಜಿಯ ಕೈ ತಾನಾಗಿಯೇ ಸಕ್ಕರೆ ಡಬ್ಬಿಯ ತನಕ ಹೋಗಿ ನಿಂತಿತು. ಆಮೇಲೆ ಒಲೆ ಆರಿಸಿದಳು. ಮಗುವಿನ ಬದಿಯಿಂದ ಹೊಸ್ತಿಲು ದಾಟಿ, ಖಾಲಿ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಗಂಡನ ಮುಂದೆ ಹೋಗಿ ಕೂತಳು.

"ರೀ" ಎಂದಳು.

ಅವನು ತಿರುಗಲಿಲ್ಲ. ಅವಳು ಕಾದಳು. ಕೊನೆಗೆ ತಿರುಗಿದ.

"ನೀವು ಅವತ್ತು ಹೇಳಿ ಕಳಿಸಿದ್ದು, ಈಗ ಬಂತು" ಎಂದಳು.